ಮಿಲ್ಲಿನ ಮಾವನ ಕಡ್ಡಾಯ

ಮಾವನ ಹುಬ್ಬು, ಕಿವಿಯ ಕೂದಲು, ಮೂಗಿನ ತುದಿ, ಎಲ್ಲದರ ಮೇಲೂ ಸಣ್ಣಗೆ ರಾಗಿ ಹಿಟ್ಟು ಕೂತಿರುತ್ತಿತ್ತು. ಸ್ನಾನ ಮಾಡಿ ಬಿಳಿ ಶರ್ಟು ತೊಟ್ಟು ಮದುವೆಗೆ ಹೊರಟರೂ ಕಿವಿಯ ಹಿಂದೆ ಒಂದು ಗೆರೆ ಹಿಟ್ಟು ಉಳಿದೇ ಇರುತ್ತಿತ್ತು. ದುದ್ದದ ಹತ್ತಿರದ ನಮ್ಮೂರಿನಲ್ಲಿ ಹಿಟ್ಟಿನ ಮಿಲ್ಲು ಅವರದು. ನನಗೆ ನೆಂಟರೇನಲ್ಲ. ಗಂಡನ ಮನೆಯ ಪಕ್ಕದವರು, ಹಾಗಾಗಿ ಮಾವ. ಊರಿಗೆಲ್ಲ ಮಿಲ್ಲಿನವರು, ನನಗೆ ಮಿಲ್ಲಿನ ಮಾವ. ಜೀವಮಾನವೆಲ್ಲ ಮೆಷೀನಿನ ಸದ್ದಿನ ಪಕ್ಕ ನಿಂತು ಅವರಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು. “ಕಾಪಿ ಕುಡುದ್ಯಾ” ಎಂದು ಕೇಳಿದರೂ ಜಗಳಕ್ಕೆ ಬಂದ ಹಾಗಿರುತ್ತಿತ್ತು.

ಅವರ ಮಿಲ್ಲಿನಲ್ಲಿ ಒಂದು ಕಾನೂನಿತ್ತು. ಚುನಾವಣೆಯ ಮಾರನೇ ದಿನ ಬೀಸಿಸಲು ರಾಗಿ ಡಬ್ಬ ತಂದವರು ಮೊದಲು ಎಡಗೈ ಬೆರಳು ತೋರಿಸಬೇಕು. ಶಾಯಿ ಇದ್ದವರ ಡಬ್ಬ ಸಾಲಿನಲ್ಲಿ ಮುಂದೆ, ಇಲ್ಲದವರದು ಹಿಂದೆ. ಯಾರು ಯಾರಿಗೆ ಓಟು ಹಾಕಿದರೆಂದು ಅವರು ಕೇಳಿದ್ದನ್ನು ನಾನು ಕಂಡಿಲ್ಲ. ಹಾಕಿದರೋ ಇಲ್ಲವೋ, ಅಷ್ಟೇ.

ಮದುವೆಯಾಗಿ ಅರಕಲಗೂಡಿನ ಕಡೆಯಿಂದ ಬಂದ ಹೊಸತರಲ್ಲಿ ಈ ಕಾನೂನಿಗೆ ನಾನೂ ಸಿಕ್ಕಿಬಿದ್ದೆ. ಬೆರಳು ನೋಡಿದರು, ನನ್ನ ಡಬ್ಬ ಎತ್ತಿ ಕೊನೆಗಿಟ್ಟರು. ಹೊಸ ಸೊಸೆ ನಾನು, ಊರವರ ಮುಂದೆ ಹೀಗೆ ಮಾಡಿದರಲ್ಲ ಎಂದು ಮೈಯೆಲ್ಲ ಉರಿದುಹೋಯಿತು. ಮಧ್ಯಾಹ್ನದ ತನಕ ಹಲ್ಲು ಕಚ್ಚಿಕೊಂಡು ಕಾದು, ನನ್ನ ಸರದಿ ಬಂದಾಗ ಹೇಳಿಯೇಬಿಟ್ಟೆ: “ನನ್ನ ಹೆಸರು ಈ ಊರಲ್ಲೇ ಇಲ್ಲ ಮಾವ. ಇನ್ನೂ ತೌರೂರಿನ ಪಟ್ಟೀಲೇ ಐತೆ.”

ಅವರು ಮೆಷೀನು ನಿಲ್ಲಿಸಿದರು. “ಮೊದ್ಲೇ ಯೇಳಾಕೇನಾಗಿತ್ತು ಕೂಸೆ?” ಎಂದರು.

“ನೀವು ಕೇಳ್ಲಿಲ್ವಲ್ಲ.”

ವಾರದೊಳಗೆ ನನ್ನನ್ನೂ ನನ್ನ ಗಂಡನನ್ನೂ ಹಾಸನದ ತಾಲ್ಲೂಕು ಕಚೇರಿಗೆ ಹೊರಡಿಸಿಕೊಂಡು ಹೋದರು. ಸಹಿ ಹಾಕುವ ಮುಂಚೆ ಫಾರಂ ಪೂರ್ತಿ ನನ್ನ ಕೈಲೇ ಓದಿಸಿದರು. “ಓದ್ದೆ ಯಾವುದ್ಕೂ ರುಜು ಆಕ್ಬ್ಯಾಡ” ಎನ್ನುವುದು ಅವರ ಇನ್ನೊಂದು ಕಾನೂನು. ಗಂಡನ ಊರಿನಲ್ಲಿ ನನ್ನ ಹೆಸರು ಮೊದಲು ಬಿದ್ದದ್ದು ರೇಷನ್ ಕಾರ್ಡಿನಲ್ಲಲ್ಲ, ಮತದಾರರ ಪಟ್ಟಿಯಲ್ಲಿ. ಮುಂದೆ ಅಂಗನವಾಡಿ ಕೆಲಸಕ್ಕೆ ಅರ್ಜಿ ಹಾಕುವಾಗ ನಾನು ಈ ಊರಿನವಳೆಂದು ಸಾಕ್ಷಿ ಹೇಳಿದ್ದೂ ಅದೇ ಪಟ್ಟಿ. ಇವತ್ತು ನಾನು ತಿನ್ನುವ ಅನ್ನದಲ್ಲಿ ಅವರ ಪಾಲಿದೆ ಎಂದರೆ ದೊಡ್ಡ ಮಾತಲ್ಲ.

ಅಂಗನವಾಡಿ ಕೆಲಸದ ಜೊತೆಗೇ ಊರಿನ ಮತದಾರರ ಪಟ್ಟಿ ನೋಡಿಕೊಳ್ಳುವ ಕೆಲಸವೂ ನನ್ನ ತಲೆಗೆ ಬಂತು. ಅಲ್ಲಿಂದ ನಮ್ಮಿಬ್ಬರ ವಾದ ಜೋರಾಯಿತು. ಓಟು ಕಡ್ಡಾಯವಾಗಬೇಕು ಎಂದು ಅವರು, ಕೂಡದು ಎಂದು ನಾನು.

“ಎಲ್ಮೆಟ್ ಆಕ್ದಿದ್ರೆ ದಂಡ ಆಕ್ತಾರೆ. ಓಟ್ ಆಕ್ದಿದ್ರೆ ಯಾಕಿಲ್ಲ?”

“ಬಲವಂತಕ್ಕೆ ಹಾಕಿದ್ದು ಏನು ಓಟು ಮಾವ? ಯಾರೂ ಇಷ್ಟ ಇಲ್ಲ ಅಂದ್ರೆ?”

“ಇಷ್ಟ ಇಲ್ಲ ಅಂತ್ಲೇ ಒತ್ತು. ಅದ್ಕೂ ಒಂದು ಗುಂಡಿ ಮಡಗವ್ರೆ. ನಿನ್ ಅಂಗನವಾಡಿ ಮಕ್ಳಿಗೆ ಬಾಯಿ ಹಿಡ್ದು ಪೋಲಿಯೊ ಡ್ರಾಪ್ಸ್ ಆಕ್ತೀಯಲ್ಲ, ಆಗ ಬಲವಂತ ಕಾಣಾಕಿಲ್ವಾ?”

ಆ ಮಾತು ಬಂದರೆ ನಾನು ಡಬ್ಬ ಎತ್ತಿಕೊಂಡು ಬಂದುಬಿಡುತ್ತಿದ್ದೆ. ಮಾರನೇ ದಿನ ಅವರು ಏನೂ ಆಗದವರಂತೆ ನುಣ್ಣಗೆ ಬೀಸಿ ಕೊಡುತ್ತಿದ್ದರು.

ಕಳೆದ ಲೋಕಸಭಾ ಚುನಾವಣೆಯ ಹೊತ್ತಿಗೆ ಅವರಿಗೆ ಎಂಬತ್ತೈದು ದಾಟಿತ್ತು. ಬಚ್ಚಲಲ್ಲಿ ಜಾರಿಬಿದ್ದು ಮಂಡಿ ಊದಿತ್ತು, ಮಿಲ್ಲನ್ನು ಮಗ ನೋಡಿಕೊಳ್ಳುತ್ತಿದ್ದ. ಆ ವಯಸ್ಸಿನವರು ಒಪ್ಪಿ ಫಾರಂ ಬರೆದುಕೊಟ್ಟರೆ ಚುನಾವಣೆಯವರು ಮನೆಗೇ ಬಂದು ಓಟು ಹಾಕಿಸಿಕೊಳ್ಳುತ್ತಾರೆ. ಆದರೆ ಒಮ್ಮೆ ಹಾಗೆ ಬರೆದುಕೊಟ್ಟವರು ಆಮೇಲೆ ಬೂತಿನಲ್ಲಿ ಹಾಕುವಂತಿಲ್ಲ. ಮಾವನನ್ನು ಕೇಳಿದರೆ ‘ನಾನೇನು ಎಣವಾ, ಬೂತಿಗೇ ಬತ್ತೀನಿ’ ಎಂದು ಕೂಗಾಡುವುದು ಖಂಡಿತ. ಆ ಕಾಲಿನಲ್ಲಿ ಮೆಟ್ಟಿಲು ಹತ್ತಿ ಮತ್ತೆ ಬಿದ್ದರೆ ಏನು ಗತಿ ಎಂದು ನನಗೆ ಭಯ. ಅವರ ಬ್ಯಾಂಕಿನ ಕಾಗದಗಳನ್ನು ನಾನೇ ಸರಿಮಾಡಿ ಕೊಡುತ್ತಿದ್ದೆ. ಅವುಗಳ ನಡುವೆ ಆ ಫಾರಂ ಸೇರಿಸಿ, “ಇಲ್ಲೊಂದು ಸಹಿ ಮಾವ” ಎಂದೆ.

ಕನ್ನಡಕ ಒಳಗಿತ್ತು. ತಾ ಎನ್ನಲಿಲ್ಲ. ನನ್ನ ಮುಖ ನೋಡಿ ಸಹಿ ಹಾಕಿಬಿಟ್ಟರು.

ಮನೆ ಬಾಗಿಲಿಗೆ ಪೆಟ್ಟಿಗೆ ಬಂದರೆ ಒಂದಿಷ್ಟು ಬೈದು ಓಟು ಹಾಕುತ್ತಾರೆ, ಆಯಿತು ಎಂದುಕೊಂಡಿದ್ದೆ. ಆಗಿದ್ದೇ ಬೇರೆ. ಮಂಡಿಯ ಊತ ಹೆಚ್ಚಾಗಿ ಅವರನ್ನು ಹಾಸನದ ಆಸ್ಪತ್ರೆಗೆ ಸೇರಿಸಿದರು. ಚುನಾವಣೆಯವರು ಎರಡು ಸಲ ಮನೆಗೆ ಬಂದರು, ಎರಡು ಸಲವೂ ಮಾವ ಆಸ್ಪತ್ರೆಯಲ್ಲಿ. ಅಲ್ಲಿಗೆ ಅವರ ಓಟು ಹೋಯಿತು. ಅವರು ಊರಿಗೆ ಮರಳಿದ ಮೇಲೂ ಹೇಳಲು ನನಗೆ ಬಾಯಿ ಬರಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ದಿನ ದೂಡಿದೆ. ಈ ಕಾಲಿನಲ್ಲಿ ಹೇಗೂ ಬರಲಾರರು ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡೆ.

ಮತದಾನದ ದಿನ ಬೆಳಿಗ್ಗೆ ಏಳಕ್ಕೆಲ್ಲ ಆಟೊ ಬಂದು ಬೂತಿದ್ದ ಶಾಲೆಯ ಮುಂದೆ ನಿಂತಿತು. ಇಳಿದವರು ಮಾವ. ಬಿಳಿ ಶರ್ಟು, ಕೈಯಲ್ಲಿ ಕೋಲು. ಚೀಟಿ ಹಂಚುವ ಮೇಜು ಬಿಟ್ಟು ಎದ್ದು ತೋಳು ಹಿಡಿದುಕೊಂಡೆ. ಆಗಲಾದರೂ ಹೇಳಬಹುದಿತ್ತು. ಬಾಗಿಲ ತನಕ ನಡೆಸಿಕೊಂಡು ಹೋದೆ, ಅಷ್ಟೇ.

ಒಳಗೆ ಅಧಿಕಾರಿ ಪಟ್ಟಿ ನೋಡಿ, “ಅಜ್ಜಾರೆ, ಮನೇಲೇ ಓಟು ಹಾಕ್ತೀನಿ ಅಂತ ನೀವು ಸಹಿ ಮಾಡಿಕೊಟ್ಟಿದ್ದೀರಿ. ಇಲ್ಲಿ ಹಾಕೋಕಾಗಲ್ಲ” ಎಂದರು.

“ನಾನಾ? ನಾ ಯಾವತ್ತು ಕೊಟ್ಟೆ?” ಹಳೆಯ ದನಿ ಶಾಲೆಯೆಲ್ಲ ಕೇಳಿತು.

“ನಿಮಗೆ ತಿಳಿಸದೆ ಯಾರಾದ್ರೂ ಸಹಿ ಹಾಕಿಸಿಕೊಂಡಿದ್ರೆ ದೂರು ಬರ್ಕೊಡಿ. ಅವರ ಮೇಲೆ ಕ್ರಮ ತಗೋತಾರೆ.”

ಮಾವ ತಿರುಗಿ ಬಾಗಿಲಲ್ಲಿದ್ದ ನನ್ನನ್ನು ನೋಡಿದರು. ಅವರಿಗೆ ಆ ಕ್ಷಣ ಎಲ್ಲ ತಿಳಿದುಹೋಯಿತು. ನನ್ನ ಕೆಲಸ ಇವತ್ತಿಗೆ ಮುಗಿಯಿತು ಎಂದುಕೊಂಡೆ.

“ಇಲ್ಲ ಸಾ, ನಾನೇ ಆಕಿದ್ದು” ಎಂದರು. “ವಯಸ್ಸಾಯ್ತಲ್ಲ, ಮರ್ತುಬುಟ್ಟಿದ್ದೆ.” ಅವರು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಬುದ್ಧಿ ಬಂದಾಗಿನಿಂದ ಒಂದು ಚುನಾವಣೆಯನ್ನೂ ಬಿಡದ ಮನುಷ್ಯ ಖಾಲಿ ಬೆರಳಿನಲ್ಲಿ ಹೊರಗೆ ಬಂದು ಆಟೊ ಹತ್ತಿದರು.

ಮತದಾನ ಮುಗಿದ ಮೇಲೆ ಅವರ ಮನೆಗೆ ಹೋದೆ. ಮಂಚದ ಕಾಲ ಬಳಿ ಕೂತು ಅತ್ತುಬಿಟ್ಟೆ. ಬಲವಂತ ಕೂಡದೆಂದು ವಾದ ಮಾಡುತ್ತಿದ್ದವಳೂ ನಾನೇ, ಹೀಗೆ ಮಾಡಿದವಳೂ ನಾನೇ.

“ಕೇಳಿದ್ರೆ ನಾ ಏನಂತಿದ್ದೆ?” ಎಂದರು.

“ಬೇಡ ಅಂತಿದ್ರಿ.”

“ಅದ್ಕೇ ಕೇಳ್ನಿಲ್ಲ.”

ನಾನು ಹೂಂ ಎಂದೆ.

“ಒಟ್ಟೆ ಉರೀತದೆ ಕಣವ್ವ, ಸುಳ್ಳ್ಯಾಕೆ ಯೇಳ್ಳಿ. ಆದ್ರೆ ನಾನೂ ಅಂಗೇ ಮಾಡ್ದೋನು. ಯಾಕೆ ಬರ್ನಿಲ್ಲ ಅಂತ ಒಬ್ರುನ್ನೂ ಕೇಳ್ದೆ ಡಬ್ಬ ಹಿಂದಕ್ಕೆ ಮಡಗ್ದೆ. ಏನಾದ್ರೂ ಕಡ್ಡಾಯ ಮಾಡೋದಾದ್ರೆ ಮೊದ್ಲು ಕೇಳೋದ್ನ ಮಾಡ್ಬೇಕು.”

ಮಾರನೇ ದಿನ ಕೋಲೂರಿಕೊಂಡು ಮಿಲ್ಲಿಗೆ ಬಂದು ಸ್ಟೂಲಿನ ಮೇಲೆ ಕೂತರು. ಮಗ ಮನೆಯ ಡಬ್ಬ ಮೊದಲು ಸುರಿಯಲು ಹೋದರೆ ತಡೆದರು. “ಹಿಂದಕ್ಕೆ ಮಡಗು. ಯಜಮಾನನ ಬೆರಳು ಖಾಲಿ.” ಜನ ನಕ್ಕರು, ನನಗೆ ನಗು ಬರಲಿಲ್ಲ. ಆಮೇಲೆ ಶಾಯಿ ಇಲ್ಲದ ಒಬ್ಬೊಬ್ಬರನ್ನೂ ಕರೆದು ಯಾಕೆ ಬರಲಿಲ್ಲವೆಂದು ಕೇಳಿದರು. ಇಬ್ಬರು ಹುಡುಗಿಯರ ಹೆಸರೇ ಪಟ್ಟಿಯಲ್ಲಿರಲಿಲ್ಲ. “ಬರ್ಕೊ” ಎಂದು ನನಗೆ ಗದರಿದರು. ಅವರ ದನಿ ಮತ್ತೆ ಏರಿದ್ದು ಕೇಳಿ ನನ್ನ ಜೀವಕ್ಕೆ ಸಮಾಧಾನವಾಯಿತು.

ಮುಂದಿನ ಓಟಿಗೆ ಅವರು ಉಳಿಯಲಿಲ್ಲ. ಒಂದು ಬೆಳಿಗ್ಗೆ ಸೊಸೆ ಎಬ್ಬಿಸಲು ಹೋದರೆ ಏಳಲಿಲ್ಲ.

ಸತ್ತವರ ಹೆಸರನ್ನು ಪಟ್ಟಿಯಿಂದ ತೆಗೆಸುವುದೂ ನನ್ನದೇ ಕೆಲಸ, ಅದಕ್ಕೂ ಒಂದು ಫಾರಂ. “ಕೊಡಕ್ಕ, ಎಲ್ಲಿ ಸಹಿ?” ಎಂದು ಮಗ ಕೈ ಚಾಚಿದ. ಅವನ ಸಹಿಯೇ ಸಾಕಿತ್ತು. ಆದರೂ ಒಳಗೆ ಹೋಗಿ ಮಾವನ ಹೆಂಡತಿಯ ಎದುರು ಕೂತೆ. ಅತ್ತೆಗೆ ಓದು ಬರುವುದಿಲ್ಲ, ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದೆ. “ಹೆಸರು ತೆಗೀಲಾ ಅತ್ತೆ?” ಎಂದೆ.

ಅವರು ಕಾಗದವನ್ನು ನನ್ನ ಕಡೆಗೇ ಸರಿಸಿದರು. “ಇನ್ನೊಂದ್ನಾಕು ದಿನ ಇರ್ಲಿ ಕಣವ್ವ” ಎಂದರು.

ಬೇಗ ಕಳಿಸಿ ಎಂದು ಮೇಲಿನವರು ಫೋನು ಮಾಡುತ್ತಿದ್ದಾರೆ. ಇದುವರೆಗೆ ಎರಡು ಸಲ ಹೋಗಿ ಕೇಳಿದ್ದೇನೆ. ನಾಳೆ ಅಂಗನವಾಡಿ ಮುಗಿಸಿಕೊಂಡು ಮತ್ತೆ ಹೋಗಿ ಕೇಳುತ್ತೇನೆ.