ಕನ್ಹಾನ್‌ನಿಂದ ಓದಿದ ನಲವತ್ತು ಅಕ್ಷರ

ಹೋದ ಬೇಸಿಗೆಯ ಒಂದು ಭಾನುವಾರ ನಾನೂ ನನ್ನ ತಂಗಿಯ ಮಗಳೂ ಕಂಪ್ಯೂಟರಿನಲ್ಲಿ ಒಂದು ತಂತ್ರಾಂಶ ಹಾಕಿಕೊಳ್ಳಲು ಕುಳಿತೆವು. ಅರ್ಧ ಗಂಟೆಯ ಕೆಲಸ ಎಂದುಕೊಂಡಿದ್ದು ಬೆಳಗಿನ ತಿಂಡಿಯಿಂದ ಸಂಜೆಯ ಚಹಾದವರೆಗೆ ಎಳೆಯಿತು. ಅದಕ್ಕೆ ಕಾರಣ ನಾನೇ. ನಾಗಪುರದ ಸರಕಾರಿ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ ಮೂವತ್ತು ವರ್ಷ ದುಡಿದವನು ನಾನು. ಬೇರೆಯವರು ಮಾಡಿದ್ದನ್ನು ಅನುಮಾನಿಸಿಯೇ ಅನ್ನ ಉಂಡವನು. ನಿವೃತ್ತನಾದರೂ ಚಾಳಿ ಬಿಡಲಿಲ್ಲ. ಹಾಲಿನವನ ಲೀಟರನ್ನೂ ನಾನು ನಂಬುವುದಿಲ್ಲ.

ಅವಳು ಗಂಡನ ಮನೆ ಬಿಟ್ಟು ನನ್ನಲ್ಲಿಗೆ ಬಂದು ಆಗ ಐದು ತಿಂಗಳಾಗಿತ್ತು. ಗಂಡ ಹೊಡೆಯುತ್ತಿರಲಿಲ್ಲ, ಕುಡಿಯುತ್ತಿರಲಿಲ್ಲ. ಅದಕ್ಕೇ ನಮ್ಮ ಬಳಗದಲ್ಲಿ ಯಾರಿಗೂ ಅವಳ ಕಷ್ಟ ತಲೆಗೆ ಹೋಗಲಿಲ್ಲ. ಅವನಿಗೆ ಎಲ್ಲ ಗೊತ್ತಿರುತ್ತಿತ್ತು, ಅಷ್ಟೆ. ಅವಳು ಯಾರಿಗೆ ಏನು ಬರೆದಳು, ಲ್ಯಾಪ್‌ಟಾಪಿನಲ್ಲಿ ಏನು ಹುಡುಕಿದಳು, ಎಲ್ಲ. ಒಮ್ಮೆ ಅವನಿಗೆ ಹೇಳದೆ ರಾಮದಾಸಪೇಠ್‌ನ ಡಾಕ್ಟರ ಹತ್ತಿರ ಹೋದರೆ, ಇವಳು ಆಟೋ ಇಳಿಯುವ ಮೊದಲೇ ಅವನು ದವಾಖಾನೆಯ ಮೆಟ್ಟಿಲ ಮೇಲೆ ನಗುತ್ತಾ ನಿಂತಿದ್ದನಂತೆ.

ಅವಳು ನನ್ನ ಮನೆಯಲ್ಲಿರುವುದು ಅವನಿಗೂ ಗೊತ್ತಿತ್ತು. ಮುಂದೆ ಎಲ್ಲಿಗೆ ಹೋಗುತ್ತಾಳೆಂಬುದು ಮಾತ್ರ ತಿಳಿಯಬಾರದಿತ್ತು. ದೂರದ ಒಂದು ಊರಿನ ಶಾಲೆಯಲ್ಲಿ ಮಾಸ್ತರಿಕೆಗೆ ಜಾಗ ಖಾಲಿ ಇತ್ತು. ಆ ಶಾಲೆಗೂ ಸಿವಿಲ್ ಲೈನ್ಸ್‌ನ ವಕೀಲರಿಗೂ ಅವಳು ನನ್ನ ಕಂಪ್ಯೂಟರಿನಿಂದ ಬರೆಯಬೇಕು, ಅವನ ಕಣ್ಣಿಗೆ ಬೀಳದಂತೆ. ಒಂದು ಹೆಜ್ಜೆ ತಪ್ಪಿದರೆ ಆ ಶಾಲೆಯ ಮೆಟ್ಟಿಲ ಮೇಲೂ ಅವನು ನಗುತ್ತಾ ನಿಂತಿರುತ್ತಾನೆ. ಈ ಹೆದರಿಕೆ ಅವಳಿಗಿಂತ ನನಗೇ ಹೆಚ್ಚಾಗಿತ್ತೇನೋ. ಅವಳು ಬಂದ ಮೊದಲ ವಾರದಲ್ಲೇ, ಅವಳ ಹೊಸ ಫೋನು ಎಲ್ಲಿದೆ ಎಂಬುದು ನನ್ನ ಫೋನಿನಲ್ಲಿ ಸದಾ ಕಾಣುವಂತೆ ಮಾಡಿಸಿಕೊಂಡಿದ್ದೆ. ನಿನ್ನ ಕಾಳಜಿಗೆ, ಎಂದಿದ್ದೆ. ಅವಳು ತಲೆಯಾಡಿಸಿದ್ದಳು.

ಹಾಕಬೇಕಾಗಿದ್ದು, ನಾವು ಯಾರು, ಎಲ್ಲಿಂದ ನೋಡುತ್ತಿದ್ದೇವೆ ಎಂಬುದನ್ನು ಮುಚ್ಚಿಡುವ ಒಂದು ಬ್ರೌಸರ್. ನನ್ನ ಕಂಪ್ಯೂಟರಿನ ಲಿನಕ್ಸ್‌ಗೆ ತನ್ನದೇ ಉಗ್ರಾಣವಿದೆ. ಬೇಕಾದದ್ದೆಲ್ಲ ಸಾಮಾನ್ಯವಾಗಿ ಅಲ್ಲಿಂದಲೇ ಬರುತ್ತದೆ. ಇದು ಅಲ್ಲಿರಲಿಲ್ಲ, ಹೊರಗಿನವರ ಉಗ್ರಾಣದಿಂದ ತರಿಸಬೇಕಿತ್ತು. ಹಾಗೆ ತರಿಸುವ ಮೊದಲು ಆ ಉಗ್ರಾಣದವರ ಸಹಿಯ ಕೀಲಿಯನ್ನು ಇಳಿಸಿಕೊಳ್ಳಬೇಕು. ಆಮೇಲೆ ಆ ಕೀಲಿಯ ಸಹಿ ಹೊತ್ತು ಯಾವ ಸರಕು ಬಂದರೂ ಕಂಪ್ಯೂಟರ್ ಒಂದು ಮಾತೂ ಕೇಳದೆ ಒಳಗೆ ಬಿಟ್ಟುಕೊಳ್ಳುತ್ತದೆ. ಕೀಲಿ ಖೋಟಾ ಆಗಿದ್ದರೆ ಕಳ್ಳನಿಗೆ ನಾವೇ ಗೇಟ್ ಪಾಸ್ ಬರೆದುಕೊಟ್ಟಂತೆ. ಅದನ್ನು ಗುರುತಿಸಲು ಪ್ರತಿ ಕೀಲಿಗೂ ಒಂದು ಬೆರಳಚ್ಚು ಇರುತ್ತದೆ: ನಲವತ್ತು ಅಕ್ಷರ, ನಾಲ್ಕು ನಾಲ್ಕರ ಹತ್ತು ಗುಂಪು. ಅಂಕಿಗಳು, ನಡುನಡುವೆ ಇಂಗ್ಲಿಷಿನ ಮೊದಲ ಆರು ಅಕ್ಷರಗಳು.

ಇದನ್ನು ಕಂಡ ಕೂಡಲೇ ನನಗೆ ತವರಿಗೆ ಬಂದಷ್ಟು ಖುಷಿಯಾಯಿತು. ಕಾರ್ಖಾನೆಯಲ್ಲಿ ನಾವು ದಿನವಿಡೀ ಮಾಡಿದ್ದೇ ಇದು. ಒಬ್ಬ ಓದುವುದು, ಇನ್ನೊಬ್ಬ ತನ್ನ ಕಾಗದ ನೋಡಿ ‘ಬರೋಬರ್’ ಎನ್ನುವುದು. ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡೆ. ಅವಳಿಗೆ ಬಂದಿದ್ದ ಲಿಂಕಿನ ಪುಟದಿಂದ ಕೀಲಿ ಇಳಿಸಿ ಅದರ ಬೆರಳಚ್ಚನ್ನು ನಾನು ಕಂಪ್ಯೂಟರಿನಿಂದ ಓದಿದೆ. ಅವಳು ಫೋನಿನಲ್ಲಿ ಅದೇ ಪುಟವನ್ನು ತೆರೆದು, ಅಲ್ಲಿ ಅಚ್ಚಾಗಿದ್ದ ಬೆರಳಚ್ಚನ್ನು ನೋಡುತ್ತಾ ಹೂಂಗುಟ್ಟಿದಳು. ಹತ್ತಕ್ಕೆ ಹತ್ತೂ ಹೊಂದಿದವು. ಮುಂದಿನ ಆದೇಶವನ್ನು ಟೈಪ್ ಮಾಡು ಎಂದು ಹೇಳಿ, ಗೆದ್ದವನಂತೆ ಚಹಾಕ್ಕಿಡಲು ಒಳಗೆ ಹೋದೆ.

ಹಾಲು ಉಕ್ಕುವಾಗ ನೆನಪಾಯಿತು. ಒಂದು ಸಲ ಕಾರ್ಖಾನೆಯಲ್ಲಿ ಒಂದು ರಾಶಿ ತುಂಡುಗಳು ತಪಾಸಣೆಯಲ್ಲಿ ಪಾಸಾಗಿ, ಆಮೇಲೆ ಅಷ್ಟೂ ತಪ್ಪು ಎಂದು ಗೊತ್ತಾಗಿತ್ತು. ಅಳತೆಯ ಗೇಜನ್ನೂ ಅದೇ ಕೆಟ್ಟ ಯಂತ್ರದಲ್ಲಿ ಕೊರೆದಿದ್ದರು. ತಪ್ಪು ತುಂಡು, ತಪ್ಪು ಗೇಜು, ಒಂದಕ್ಕೊಂದು ಹೇಳಿ ಮಾಡಿಸಿದ ಹಾಗೆ ಕೂತಿದ್ದವು. ಅಂದಿನಿಂದ ಹೊಸದಾಗಿ ಬಂದವರಿಗೆಲ್ಲ ನಾನು ಮೊದಲ ದಿನವೇ ಕಲಿಸುತ್ತಿದ್ದ ಪಾಠ ಒಂದೇ: ಓದುವವನ ಕಾಗದವೂ ಒಪ್ಪುವವನ ಕಾಗದವೂ ಒಂದೇ ಕಪಾಟಿನಿಂದ ಬರಬಾರದು. ಮೂವತ್ತು ವರ್ಷ ಊರಿಗೆಲ್ಲ ಹೇಳಿದವನು ಈಗ ನನ್ನ ಮನೆಯಲ್ಲೇ ಆ ತಪ್ಪು ಮಾಡಿ ಬೀಗಿದ್ದೆ. ಹಾಲು ಉಕ್ಕಿ ಒಲೆಯ ಮೇಲೆ ಸುರಿಯಿತು. ಆರಿಸದೆ ಓಡಿದೆ.

“ತಡಿ, ಒತ್ತಬ್ಯಾಡ!”

ಬೆರಳು ಕೀಲಿಮಣೆಯ ಮೇಲಿತ್ತು. ಅವಳು ಬೆಚ್ಚಿ ಕೈ ಎಳೆದುಕೊಂಡಳು.

“ಎಲ್ಲಾ ಬರೋಬರ್ ಐತಿ ಅಂದ್ರಲ್ಲ ಮಾಮಾ. ಮತ್ತ ಈಗೇನು?”

“ಬರೋಬರ್ ಇರೋದ ತಕರಾರು. ಕೀಲಿ ಬಂದಿದ್ದೂ ಅದ ಪುಟದಿಂದ, ಬೆರಳಚ್ಚು ಓದಿದ್ದೂ ಅದ ಪುಟದಿಂದ. ಪುಟಾನ ಖೋಟಾ ಇದ್ರ ಎರಡೂ ಹೊಂದೇ ಹೊಂದತಾವು. ಈ ಲಿಂಕ್ ನಿನಗ ಯಾರು ಕಳಿಸಿದ್ರು?”

“ಶಾಲೀ ಗೆಳತಿ.”

“ಆಕಿಗೆ ಯಾರು?”

“ಮಲಾ ಕಾಯ್ ಮಾಹೀತ್? ನನಗೇನ ಗೊತ್ತು? ಯಾವುದೋ ಗ್ರೂಪಿನ್ಯಾಗ ಬಂದಿತ್ತಂತ.” ಸಿಟ್ಟು ಬಂದರೆ ಅವಳ ಬಾಯಿಗೆ ಮರಾಠಿಯೇ ಮೊದಲು ಬರುತ್ತದೆ.

“ಯಾವ ಗ್ರೂಪು? ಅದರಾಗ ಯಾರ್ಯಾರ ಅದಾರ? ಆಂವ ಇದ್ದಾನೇನು? ಫೋನ್ ಕೊಡಿಲ್ಲೆ, ನಾ ನೋಡತೇನಿ.”

ಕೈ ಚಾಚಿದೆ. ಅವಳು ಫೋನನ್ನು ಎದೆಗೆ ಒತ್ತಿಕೊಂಡು ಕುರ್ಚಿಯಿಂದೆದ್ದು ಗೋಡೆಗೆ ಸರಿದಳು.

“ಬಸ್ ಮಾಮಾ,” ಎಂದಳು. “ಅವ್ರೂ ಹಿಂಗ ಕೈ ಚಾಚತಿದ್ರು.”

ನನ್ನ ಮುಖಕ್ಕೆ ಹೊಡೆದಂತಾಯಿತು. ಸಿಟ್ಟು ಬಂತು, ಆಮೇಲೆ ನಾಚಿಕೆಯಾಯಿತು. ಎರಡನ್ನೂ ಅವಳಿಗೆ ತೋರಿಸಲಿಲ್ಲ. ಒಳಗೆ ಹೋಗಿ ಒಲೆ ಆರಿಸಿ, ಚೆಲ್ಲಿದ ಹಾಲನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿದೆ.

ಬೇರೆ ಕಪಾಟಿನ ಕಾಗದ ಬೇಕಿತ್ತು. ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ನನ್ನೆದುರು ಕೂತು ಓದಿದವನೊಬ್ಬ ಈಗ ನಾಗಪುರದಾಚೆಯ ಕನ್ಹಾನ್‌ನಲ್ಲಿದ್ದಾನೆ, ನಮ್ಮ ಹುಬ್ಬಳ್ಳಿ ಕಡೆಯವನೇ. ಅವನ ಮನೆಯಲ್ಲೂ ಕಂಪ್ಯೂಟರ್ ಇದೆ. ಫೋನ್ ಮಾಡಿದೆ, ಎತ್ತಲಿಲ್ಲ. ಹೊರಗೆ ಕಾಲಿಡಲಾಗದ ಬಿಸಿಲು, ಉಂಡು ಮಲಗಿರಬೇಕು. ಮತ್ತೆ ಮಾಡಿದೆ. ಮಧ್ಯಾಹ್ನವಿಡೀ ನಾನು ಕುಳಿತು ಎದ್ದು ಮಾಡಿದೆ. ಅವಳು ತನ್ನ ಕೋಣೆಯ ಬಾಗಿಲು ಹಾಕಿಕೊಂಡಿದ್ದಳು. ಇಳಿಸಿಕೊಂಡ ಆ ಕೀಲಿ ಕಂಪ್ಯೂಟರಿನೊಳಗೆ ಸುಮ್ಮನೆ ಕೂತಿತ್ತು. ಅದು ಅವಳ ಗಂಡನದೇ ಇರಬಹುದು, ಅವನು ಈಗಲೂ ನಗುತ್ತಿರಬಹುದು ಅನ್ನಿಸುತ್ತಿತ್ತು.

ನಾಲ್ಕು ಗಂಟೆಗೆ ಕನ್ಹಾನ್‌ನವನೇ ಫೋನ್ ಮಾಡಿದ.

“ಏನಪಾ, ಹತ್ತು ಸಲ ಹೊಡದೀಯಲ್ಲ. ಆರಾಮಿದ್ದೀಯಿಲ್ಲೋ?”

“ಆರಾಮದೇನಿ. ಒಂದು ನಂಬರ್ ಓದಬೇಕಾಗೈತಿ, ಹಳೇ ಪದ್ಧತಿಲೆ.” ತಂತ್ರಾಂಶದ ಹೆಸರು ಹೇಳಿದೆ. “ನೀನಾಗೇ ಹುಡುಕಿ ಅದನ್ನ ಮಾಡಿದವರ ಪುಟ ತಗಿ. ನಾ ಲಿಂಕ್ ಕಳಿಸಂಗಿಲ್ಲ. ನೀ ಓದು, ನಾ ಕೇಳತೇನಿ.”

ಯಾಕೆ, ಯಾರಿಗೆ ಎಂದು ಅವನು ಕೇಳಲಿಲ್ಲ. “ಕನ್ನಡಕ ತೊಗೋತೇನಿ, ತಡಿ,” ಎಂದ, ಅಷ್ಟೆ. ಇಪ್ಪತ್ತು ವರ್ಷದಲ್ಲಿ ಅವನು ಕೇಳಬಾರದ್ದನ್ನು ಕೇಳಿದ್ದು ನನಗೆ ನೆನಪಿಲ್ಲ.

ಅವಳ ಬಾಗಿಲು ತಟ್ಟಿ, “ಬಾರವ್ವಾ, ನೀನ ತಾಳೆ ನೋಡು,” ಎಂದೆ. ಬಂದಳು. ಸ್ಪೀಕರ್ ಹಾಕಿದೆ. ಕಾರ್ಖಾನೆಯ ಗದ್ದಲದಲ್ಲಿ ಅಕ್ಷರ ತಪ್ಪಬಾರದೆಂದು ನಾವು ಊರುಗಳ ಹೆಸರು ಕಟ್ಟಿ ಓದುತ್ತಿದ್ದೆವು. ಅವನು ಅದನ್ನು ಮರೆತಿರಲಿಲ್ಲ.

“ಎ ಆಗ್ರಾ, ಮೂರು, ಡಿ ದಿಲ್ಲಿ, ಒಂಬತ್ತು.”

“ಬರೋಬರ್,” ಎಂದಳು ಅವಳು.

“ಎಂಟು, ಎಂಟು, ಬಿ ಬಂಬೈ, ಸೊನ್ನೆ.”

“ಬರೋಬರ್.”

ಏಳನೆಯ ಗುಂಪಿನಲ್ಲಿ ಅವನು ತಡೆದು ಕೆಮ್ಮಿದ. ನಾನು ಪರದೆಯತ್ತ ಬಾಗಿದೆ. “ಸಿ ಚಾಂದಾ,” ಎಂದ. ಅವಳು ಪರದೆಯ ಮೇಲೆ ಬೆರಳಿಟ್ಟು ನೋಡಿ ಒಪ್ಪಿದಳು. ಹತ್ತನೆಯದೂ ಹೊಂದಿದಾಗ ಅವಳು ಕಣ್ಣು ಒರೆಸಿಕೊಂಡಳು. ಕನ್ಹಾನ್‌ನವನು, “ಪಾಸೇನಪಾ?” ಎಂದ. ಪಾಸು ಎಂದೆ. ಫೋನಿಟ್ಟ.

ಈ ಕೀಲಿ ಈ ಒಂದು ಉಗ್ರಾಣದ ಸರಕಿಗೆ ಮಾತ್ರ, ಬೇರೆ ಯಾವುದಕ್ಕೂ ಅಲ್ಲ ಎಂದು ಕಂಪ್ಯೂಟರಿನಲ್ಲಿ ಒಂದು ಸಾಲು ಬರೆದು, ತಂತ್ರಾಂಶ ಹಾಕಿಸಿದೆ. ಬ್ರೌಸರ್ ತೆರೆಯಿತು. ಅವಳು ಹೊಸ ಮಿಂಚಂಚೆಯ ಖಾತೆ ಮಾಡಿಕೊಳ್ಳಲು ಕುಳಿತಳು. ನಾನು ಹಿಂದೆಯೇ ನಿಂತಿದ್ದೆ.

“ಮಾಮಾ, ಪಾಸ್‌ವರ್ಡ್ ಹಾಕಬೇಕು.”

“ಹಾಕು.”

ಅವಳು ಹಾಕಲಿಲ್ಲ. ಸ್ವಲ್ಪ ತಡವಾಗಿ ಅರ್ಥವಾಯಿತು. ಕುರ್ಚಿ ಎಳೆದುಕೊಂಡು ಗೋಡೆಯ ಕಡೆ ಮುಖ ಮಾಡಿ ಕೂತೆ. ಗೋಡೆ ನೋಡುತ್ತಾ ಎಷ್ಟು ಹೊತ್ತು ಕೂರುವುದು? ಅಭ್ಯಾಸಬಲದಿಂದ ಫೋನ್ ತೆರೆದೆ. ನಕ್ಷೆಯ ಮೇಲೆ ನನ್ನದೇ ಮನೆ, ಅದರ ಮೇಲೆ ಅವಳ ನೀಲಿ ಚುಕ್ಕೆ. ಕೈಯಳತೆಯಲ್ಲಿ ಕೂತವಳನ್ನು ನಾನು ಫೋನಿನಲ್ಲಿ ನೋಡುತ್ತಿದ್ದೆ.

ತಿರುಗದೆಯೇ ಫೋನನ್ನು ಹಿಂದಕ್ಕೆ ಚಾಚಿದೆ. “ಇದನ್ನೂ ತಗದಬಿಡು.”

ಅವಳು ತೆಗೆದುಕೊಂಡಳು. “ದಿನಾ ಎಷ್ಟು ಸಲ ನೋಡ್ತೀರಿ?”

“ಯಾವಾಗರೆ ಒಮ್ಮೆ,” ಎಂದೆ. ಸುಳ್ಳು. ಅವಳಿಗೂ ಅದು ಗೊತ್ತಾಯಿತು. ಫೋನನ್ನು ಮರಳಿ ನನ್ನ ಕೈಗಿಟ್ಟಾಗ ನಕ್ಷೆ ಖಾಲಿಯಾಗಿತ್ತು.

ಮರುದಿನ ಅವಳು ವಕೀಲರನ್ನು ಕಾಣಲು ಸಿವಿಲ್ ಲೈನ್ಸ್‌ಗೆ ಹೋದಳು. ಐದಕ್ಕೆ ಬರುತ್ತೇನೆ ಎಂದಿದ್ದಳು. ಐದಾಯಿತು, ಐದೂವರೆಯಾಯಿತು. ನಾನು ಗೇಟಿಗೂ ಅಡುಗೆಮನೆಗೂ ಓಡಾಡಿದೆ, ಫೋನನ್ನು ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟೆ. ಆರೂಕಾಲಿಗೆ ಗೇಟಿನ ಸದ್ದಾಯಿತು. ನಾನು ಪೇಪರ್ ಎತ್ತಿಕೊಂಡು ಓದುವವನಂತೆ ಕೂತೆ.

ಅವಳು ಚಪ್ಪಲಿ ಬಿಟ್ಟು, ನೀರು ಕುಡಿದು, ನನ್ನೆದುರು ಬಂದು ಕೂತಳು. “ಮಾಮಾ, ವಕೀಲರಕಡೆ ಮುಗಿದ ಮ್ಯಾಲೆ ರಾಮದಾಸಪೇಠ್‌ಗೆ ಹೋಗಿದ್ದೆ. ಡಾಕ್ಟರ ಹತ್ರ. ಒಬ್ಬಾಕೀನ.”

ಎಲ್ಲಿಗೆ ಹೋಗಿದ್ದೆ ಎಂದು ನಾನು ಕೇಳಿರಲಿಲ್ಲ.