ನೀಟಕ್ಕ ಒರೆಸಿದ ಮಚ್ಚೆ

ಆ ಮುದ್ರಣಾಲಯದಲ್ಲಿ ಅವಳ ನಿಜವಾದ ಹೆಸರು ಸಂಬಳದ ದಿನ ಬಿಟ್ಟರೆ ಯಾರಿಗೂ ನೆನಪಾಗುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ನೀಟಕ್ಕ. ಅಚ್ಚಿಗೆ ಹೋಗುವ ಮುಂಚೆ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಶುಚಿ ಮಾಡುವುದು ಅವಳ ಕೆಲಸ. ಸ್ಕ್ಯಾನರಿನ ಧೂಳು, ಕಾಗದದ ಮಡಿಕೆ, ಯಾರದೋ ಚಹಾದ ಹನಿ, ಏನಿದ್ದರೂ ಅವಳ ಹದ್ದಿನ ಕಣ್ಣಿಗೆ ಬಿದ್ದ ಮೇಲೆ ಉಳಿಯುವಂತಿರಲಿಲ್ಲ. "ನೀಟಕ್ಕನ ಕೈಗೆ ಕೊಟ್ರೆ ಚಂದ್ರನನ್ನೂ ತೊಳೆದು ಕೊಡ್ತಾಳೆ" ಎಂದು ಅಚ್ಚಿನ ಯಂತ್ರ ನೋಡಿಕೊಳ್ಳುವ ಮಷೀನ್ ಮಾಮ ಕಿಚಾಯಿಸುತ್ತಿದ್ದರು.

ಅವಳ ಎಡಗೆನ್ನೆಯಲ್ಲಿ ಕಿವಿಯ ಬುಡದಿಂದ ದವಡೆಯವರೆಗೆ ಕಂದುಗೆಂಪಿನ ಹುಟ್ಟುಮಚ್ಚೆಯೊಂದಿತ್ತು. ಮುದ್ರಣಾಲಯದಲ್ಲಿ ಅದನ್ನು ಕಂಡವರಿಲ್ಲ. ಕೂದಲನ್ನು ಆ ಕಡೆಗೆ ಇಳಿಬಿಟ್ಟು ಪಿನ್ನು ಚುಚ್ಚಿದಳೆಂದರೆ ಫ್ಯಾನಿನ ಗಾಳಿಗೂ ಅಲುಗುತ್ತಿರಲಿಲ್ಲ. ಮನೆಯ ಗೋಡೆಯಲ್ಲಿದ್ದ ಮದುವೆಯ ಫೋಟೋದಲ್ಲಂತೂ ಮಚ್ಚೆಯನ್ನು ತನ್ನ ಕೈಯಾರೆ ಒರೆಸಿದ್ದಳು. ಗಂಡ, "ಇದ್ಯಾರೋ ಬೇರೆ ಹುಡುಗಿ, ನಾನು ಮದುವೆಯಾದೋಳು ಎಲ್ಲಿ?" ಎಂದು ನಕ್ಕಿದ್ದಕ್ಕೆ ಅವನೊಂದಿಗೆ ಮಾತು ಬಿಟ್ಟಿದ್ದಳು.

ಆಗ ಬಂತು ಆ ಚಿತ್ರಪುಸ್ತಕ. ಆಗತಾನೇ ಓದಲು ಕಲಿಯುವ ಮಕ್ಕಳಿಗಾಗಿ ಮಾಡಿದ್ದು; ಪುಟಕ್ಕೊಂದು ದೊಡ್ಡ ಚಿತ್ರ, ಕೆಳಗೆ ನಾಲ್ಕು ಮಾತು. ಅಕ್ಷರ ಜೋಡಿಸುವವರು ಬೇರೆ, ನೀಟಕ್ಕನಿಗೆ ಬಂದದ್ದು ಬರೀ ಚಿತ್ರ. ಪುಟ್ಟ ಹುಡುಗಿಯೊಬ್ಬಳು ಮರ ಹತ್ತುತ್ತಾಳೆ, ಬಿದ್ದೇಳುತ್ತಾಳೆ, ನಗುತ್ತಾಳೆ. ಅವಳ ಕೆನ್ನೆಯ ಮೇಲೆ ಒಂದು ಕಂದು ಗುರುತು. ನೀಟಕ್ಕ ಅದನ್ನು ನುಣ್ಣಗೆ ಒರೆಸಿಹಾಕಿದಳು. ಎಲ್ಲ ಪುಟದಲ್ಲೂ ಒಂದೇ ಜಾಗದಲ್ಲಿರುವಾಗ ಹೊಳೆಯಬಾರದಿತ್ತೇ? ಹೊಳೆಯಲಿಲ್ಲ. ಕೆನ್ನೆಯ ಮೇಲೆ ಅಂಥದ್ದು ಕಂಡರೆ ಕೈ ತಾನಾಗಿಯೇ ಹೋಗುವಷ್ಟು ಅಭ್ಯಾಸ.

ಬೆಳಗಾದರೆ ಅಚ್ಚು ಶುರುವಾಗಬೇಕಿತ್ತು. ಹಿಂದಿನ ಮಧ್ಯಾಹ್ನ ಶಾಲೆ ಮುಗಿಸಿ ಮುದ್ರಣಾಲಯಕ್ಕೆ ಬಂದ ಮಗಳು ಅಮ್ಮನ ಮೇಜಿನ ಮೇಲಿದ್ದ ಮಾದರಿ ಹಾಳೆಗಳನ್ನು ಎಳೆದುಕೊಂಡಳು. ಒಂದನೇ ಕ್ಲಾಸಿನವಳು. ಬೆರಳಿಟ್ಟು, ಅಕ್ಷರಕ್ಕೆ ಅಕ್ಷರ ಕೂಡಿಸಿ, ಕೊನೆಯ ಪುಟ ಮುಟ್ಟಿದಳು.

"ಈ... ಮ... ಚ್ಚೆ... ನನ್ನದು." ಚಿತ್ರ ನೋಡಿದಳು. ಹಾಳೆ ತಿರುಗಿಸಿ ಹಿಂದೆಯೂ ಹುಡುಕಿದಳು. "ಅಮ್ಮಾ, ಮಚ್ಚೆ ಎಲ್ಲಿ? ಫೋಟೋದಲ್ಲಿ ನಿಂದು ಒರೆಸಿದ ಹಾಗೆ ಇವಳದ್ದೂ ಒರೆಸಿಬಿಟ್ಯಾ?"

ನೀಟಕ್ಕ ಹಾಳೆ ಕಸಿದುಕೊಂಡು ಓದಿದಳು. ನೀನು ಇದ್ದ ಹಾಗೇ ಚಂದ ಎಂದು ಮಕ್ಕಳಿಗೆ ಹೇಳಲು ಹೊರಟ ಪುಸ್ತಕದಿಂದ ಆ ಮಾತನ್ನೇ ಕಿತ್ತುಹಾಕಿದ್ದಳು. ಶುಚಿ ಮಾಡಿದ್ದನ್ನು ಕಂಪ್ಯೂಟರಿನಲ್ಲಿ ಹಳೆಯ ಫೈಲಿನ ಮೇಲೆಯೇ ಸೇವ್ ಮಾಡಿಯೂ ಆಗಿತ್ತು; ಮಚ್ಚೆಯಿದ್ದ ಪ್ರತಿ ಉಳಿದಿರಲಿಲ್ಲ. ಕೈಯಿಂದ ಬರೆದ ಮೂಲ ಚಿತ್ರಗಳು ಅಂಚೆಯಲ್ಲಿ ವಾಪಸ್ ಹೊರಟು ಇನ್ನೂ ದಾರಿಯಲ್ಲಿದ್ದವು. ಬೇರೆಯವರಾಗಿದ್ದರೆ ತಪ್ಪನ್ನು ಇನ್ಯಾರದೋ ತಲೆಗೆ ಕಟ್ಟುತ್ತಿದ್ದರು. ನೀಟಕ್ಕ ನೇರ ಫೋನೆತ್ತಿ ಚಿತ್ರ ಬರೆದಾಕೆಗೆ ಎಲ್ಲ ಹೇಳಿದಳು. ಆಕೆ ಬೈದು ಮುಗಿಸುವವರೆಗೂ ಕಾದು, "ನಾನೇ ಬರೆದು ಸೇರಿಸ್ತೀನಿ ಮೇಡಂ" ಎಂದಳು.

"ಹೇಗೆ ಸೇರಿಸ್ತೀರಿ? ಅದೇನು ಇಂಕಿನ ಚುಕ್ಕೆ ಇಟ್ಟ ಹಾಗಾ? ಅಂಚು ಚರ್ಮದೊಳಗೇ ಕರಗಬೇಕು. ಅಂಥದ್ದನ್ನ ಹತ್ತಿರದಿಂದ ನೋಡಿದೀರಾ ನೀವು?"

"ದಿನಾ ನೋಡ್ತೀನಿ."

ಹಾಗೆಂದಳೇ ಹೊರತು, ನೋಡಿದ್ದೆಲ್ಲ ಮುಚ್ಚುವುದಕ್ಕೆಂದೇ. ಅಂದು ಬಾಗಿಲು ಹಾಕಿಕೊಂಡು, ಮಗಳ ಕೈಗೆ ಕನ್ನಡಿ ಕೊಟ್ಟು, ಮೊದಲ ಸಲ ನೆಟ್ಟಗೆ ನೋಡಿದಳು. ಎಲ್ಲಿ ಗಾಢ, ಎಲ್ಲಿ ತೆಳು, ಯಾವ ಅಂಚು ಕಿವಿಯ ಕಡೆಗೆ ಮಾಸುತ್ತದೆ. "ಇಲ್ಲಿ ಇನ್ನೂ ಸ್ವಲ್ಪ ಕೆಂಪಮ್ಮಾ" ಎಂದು ಮಗಳು ಮೇಸ್ಟ್ರಂತೆ ತಿದ್ದಿದಳು. ಸಂಜೆಯ ಹೊತ್ತಿಗೆ ಎಲ್ಲ ಪುಟಗಳಲ್ಲೂ ಮಚ್ಚೆ ಮರಳಿತು. ನೀಟಕ್ಕ ಪಿನ್ನು ಚುಚ್ಚಿಕೊಂಡು ಮನೆಗೆ ಹೋದಳು.

ಬೆಳಿಗ್ಗೆ ಮೊದಲ ಹಾಳೆಗಳು ಹೊರಬಿದ್ದವೋ ಇಲ್ಲವೋ, ಮಷೀನ್ ಮಾಮ ಯಂತ್ರ ನಿಲ್ಲಿಸಿ ಒದ್ದೆ ಬಟ್ಟೆ ಹಿಡಿದೆದ್ದರು. "ಅಚ್ಚಿನ ಪ್ಲೇಟ್ ಮೇಲೆ ಕೊಳೆ ಕೂತಿದೆ! ಮಗು ಕೆನ್ನೆಯೆಲ್ಲ ಗಲೀಜು!"

ನೀಟಕ್ಕ ಓಡಿಬಂದಳು. "ಒರೆಸಬೇಡಿ ಮಾಮ. ಅದು ಮಚ್ಚೆ."

"ಮಚ್ಚೆ ಎಲ್ಲಾದ್ರೂ ಹೀಗಿರುತ್ತಾ? ಮೂಲ ತಾ, ಪಕ್ಕದಲ್ಲಿಟ್ಟು ನೋಡೋಣ."

ಮೂಲ ಅಂಚೆಯಲ್ಲಿತ್ತು. ಹಾಳೆ ಮಡಿಸುವವರು, ಹೊಲಿಯುವವರು ಎಲ್ಲ ಬಂದು ಸುತ್ತ ನಿಂತಿದ್ದರು. ನೀಟಕ್ಕ ಪಿನ್ನು ಕಿತ್ತಳು. ಕೂದಲನ್ನು ಕಿವಿಯ ಹಿಂದೆ ಸರಿಸಿ, ಹಸಿ ಹಾಳೆಯನ್ನು ಕೆನ್ನೆಯ ಪಕ್ಕಕ್ಕೆ ಹಿಡಿದು ದೀಪದ ಕೆಳಗೆ ನಿಂತಳು. ಅದಕ್ಕೆ ಎಷ್ಟು ಧೈರ್ಯ ಬೇಕೆಂದು ಜೀವಮಾನವಿಡೀ ಪಿನ್ನು ಚುಚ್ಚಿಕೊಂಡವರಿಗೇ ಗೊತ್ತು.

ಮಾಮ ಒದ್ದೆ ಬಟ್ಟೆ ಕೆಳಗಿಟ್ಟರು. ಆಮೇಲೆ ಕನ್ನಡಕ ಏರಿಸಿಕೊಂಡು ಹಾಳೆ ನೋಡಿದರು, ಕೆನ್ನೆ ನೋಡಿದರು, ಮತ್ತೆ ಹಾಳೆ ನೋಡಿದರು.

"ಕೆಂಪು ಸ್ವಲ್ಪ ಕಡಿಮೆ ಬಿದ್ದಿದೆ."

"ಹಾಗಾದ್ರೆ ಹೆಚ್ಚಿಸಿ ಮಾಮ," ಎಂದಳು ನೀಟಕ್ಕ. "ಸರಿ ಹೊಂದೋವರೆಗೂ ನಾನು ಇಲ್ಲೇ ನಿಂತಿರ್ತೀನಿ."