ಸಾಹೇಬರ ಕೋಲು, ಅಪ್ಪನ ಕೋಲು

ಗಾಲ್ಫ್ ಆಡುವ ಕೋಲು ಸವೆಯುತ್ತದೆಯೇ?

ಇದೆಂಥ ಪ್ರಶ್ನೆ ಎನ್ನಬೇಡಿ. ಈ ದಸರೆಯಲ್ಲಿ ಕುಕನೂರಿನ ನಮ್ಮ ಮನೆಯಲ್ಲಿ ಇದೇ ಮಾತು. (ನಮ್ಮ ವಂಶದಲ್ಲಿ ಗಾಲ್ಫ್ ಆಡಿದವರು ಯಾರೂ ಇಲ್ಲ. ಗಿಲ್ಲಿದಾಂಡಿನಂಥ ಚಿಣಿಫಣಿ ಆಡಿ ಹಲ್ಲು ಮುರಿದುಕೊಂಡವರಿದ್ದಾರೆ.)

ಮುನಿರಾಬಾದಿನಲ್ಲಿ ಅಣೆಕಟ್ಟಿನ ಕೆಲಸ ನಡೆದಿದೆಯಲ್ಲ, ಅಲ್ಲಿಯ ಆಫೀಸಿನಲ್ಲಿ ನಾನು ಗುಮಾಸ್ತ. ನಮ್ಮ ಇಂಜಿನಿಯರ್ ಸಾಹೇಬರಿಗೆ ಗಾಲ್ಫಿನ ಹುಚ್ಚು. ಕ್ಯಾಂಪಿನ ಹಿಂದಿನ ಗರಸು ನೆಲದಲ್ಲಿ ಡಬ್ಬಿ ಹೂತು, ಸಂಜೆ ಒಬ್ಬರೇ ಚೆಂಡು ಹೊಡೆಯುತ್ತಿದ್ದರು. ಹೈದರಾಬಾದಿಗೆ ವರ್ಗವಾಗಿ ಹೊರಟಾಗ ಒಂದು ಕೋಲನ್ನು ನನ್ನ ಕೈಗಿತ್ತರು. "ಇದು ಸವೆದಿದೆ. ಚೆಂಡು ಇದರ ಮಾತು ಕೇಳೋದಿಲ್ಲ" ಎಂದರು.

ಕಬ್ಬಿಣ ಎಲ್ಲಾದರೂ ಸವೆಯುವುದೇ? ನಾನು ನಂಬಲಿಲ್ಲ. ತೋರಿಸಿದರು. ತುದಿಯ ಕಬ್ಬಿಣದ ಮೇಲಿನ ಗೆರೆಗಳು ನಡುವೆ ಪೂರಾ ಅಳಿಸಿದ್ದವು.

ಬೇಡವೆನ್ನಲಿಲ್ಲ. ನನಗೆ ಅವ್ವನ ನೆನಪಾಗಿತ್ತು.

ಅವ್ವನಿಗೆ ಮೊಣಕಾಲು ನೋವು. ಕೋಲಿಲ್ಲದೆ ಅಂಗಳ ದಾಟಲಾರಳು. ಮೂಲೆಯಲ್ಲಿ ಅಪ್ಪನ ಕೋಲಿದೆ. ಅಪ್ಪ ತೀರಿಕೊಂಡು ವರ್ಷವಾಯಿತು. ಅದನ್ನು ತಾನೂ ಹಿಡಿಯಳು, ಬೇರೆಯವರಿಗೂ ಮುಟ್ಟಗೊಡಳು. ಇತ್ತ ಬನ್ನಿ ಹಬ್ಬ ಹತ್ತಿರ ಬಂತು. ಓಣಿಯ ಆ ತುದಿಗಿರುವ ನೀಲವ್ವನಿಗೆ ಪ್ರತಿ ವರ್ಷ ಬನ್ನಿ ಕೊಟ್ಟು ಬರುವವಳು ಅವ್ವ. ಇಬ್ಬರೂ ಒಂದೇ ವರ್ಷ ಸೊಸೆಯರಾಗಿ ಈ ಊರಿಗೆ ಬಂದವರು. ನೀಲವ್ವನಿಗೂ ಈಗ ಹೊಸ್ತಿಲು ದಾಟುವುದಾಗದು. ಅವಳ ಕೈಗೆ ಬನ್ನಿ ಕೊಡದಿದ್ದರೆ ಅವ್ವನಿಗೆ ಅದು ಹಬ್ಬವೇ ಅಲ್ಲ.

"ಇದನ್ನ ತಿರುವಿ ಹಿಡಕೋ ಅವ್ವಾ, ಕಬ್ಬಿಣ ಮ್ಯಾಲ ಬರ್ಲಿ" ಎಂದು ಹಬ್ಬಕ್ಕೆ ಊರಿಗೆ ಬಂದವನೇ ಅದನ್ನು ಅವ್ವನ ಕೈಗೆ ಕೊಟ್ಟೆ.

ಅವ್ವ ಕೋಲಿಗೆ ಸುತ್ತಿದ ತೊಗಲನ್ನು ಸವರಿದಳು. "ತೊಗಲು ಹ್ಯಾಂಗ ಸವದೈತಿ ನೋಡು. ಸಾಹೇಬರ ಕೈ ಇದರಾಗ ಐತಿ."

ಆಮೇಲೆ ಮೂಲೆಯ ಕೋಲಿನ ಕಡೆ ನೋಡಿದಳು. "ನಿಮ್ಮಪ್ಪನ ಬಡಿಗಿ ಮ್ಯಾಲೂ ಹೆಬ್ಬಟ್ಟಿನ ತಗ್ಗು ಹಿಂಗ ಬಿದ್ದೈತಿ. ನಾ ಹಿಡದ್ರ ಅದು ಅಳಿಸಿ ಹೋಗತೈತಿ, ತಮ್ಮಾ."

ಮುದುಕಿಯ ಹಠ ಎಂದುಕೊಂಡಿದ್ದೆವು.

ಇದಕ್ಕೆ ಮದ್ದು ಹುಡುಕಿದವಳು ನನ್ನ ಹೆಂಡತಿ ಗಂಗವ್ವ. ಆಯುಧ ಪೂಜೆಯ ದಿನ ಕುಡುಗೋಲು, ಕುರ್ಪಿ, ಒನಕೆಗಳ ಸಾಲಿನಲ್ಲಿ ಎರಡೂ ಕೋಲು ಇಟ್ಟು, ವಿಭೂತಿ ಹಚ್ಚಿ, ಚೆಂಡುಹೂವು ಏರಿಸಿಬಿಟ್ಟಳು. (ಗಾಲ್ಫ್ ಕೋಲಿಗೆ ಇಂಥ ಮರ್ಯಾದೆ ವಿಲಾಯತಿಯಲ್ಲೂ ಸಿಕ್ಕಿರಲಿಕ್ಕಿಲ್ಲ.)

ಅವ್ವನಿಗೆ ಸಿಟ್ಟು ನೆತ್ತಿಗೇರಿತು. "ಅವರ ಬಡಿಗಿ ಯಾಕ ಇಟ್ಟಿ?"

"ಪೂಜಿ ಆದದ್ದನ್ನ ಮರುದಿನ ಎತ್ತಿ ಕೆಲಸಕ್ಕ ಹಚ್ಚಬೇಕು, ಮೂಲ್ಯಾಗ ಇಡಬಾರದು ಅಂತ ನೀವ ಕಲಿಸೀರಲ್ರಿ ಅತ್ತಿ?"

ತಾನೇ ಕಲಿಸಿದ ಶಾಸ್ತ್ರ, ತಿರುಗಿ ಬಂದು ಎದುರಿಗೆ ಕೂತರೆ ಅವ್ವ ಏನು ಮಾಡಿಯಾಳು?

ಮರುದಿನ ಅಪ್ಪನ ಕೋಲಿನ ಮುಂದೆ ಬಹಳ ಹೊತ್ತು ನಿಂತಳು. ಗಂಗವ್ವ ಮೆಲ್ಲಗೆ ಅತ್ತೆಯ ಕೈ ಹಿಡಿದು ಹಿಡಿಕೆಯ ಮೇಲಿಟ್ಟಳು. ಅವ್ವನ ಸಣ್ಣ ಹೆಬ್ಬೆರಳು ಅಪ್ಪನ ತಗ್ಗಿನಲ್ಲಿ ಹೋಗಿ ಕೂತಿತು.

"ನೋಡ್ರಿ ಅತ್ತಿ, ಮಾವ ನಿಮಗ ಜಾಗ ಮಾಡಿ ಇಟ್ಟಾರ."

ಅವ್ವ ಅತ್ತಳು. ಅಪ್ಪ ಹೋದ ಮೇಲೆ ಹಾಗೆ ಬಿಚ್ಚಿ ಅತ್ತದ್ದು ಅದೇ ಮೊದಲು. ಕಣ್ಣೊರೆಸಿಕೊಂಡು, "ಸಾಹೇಬರದೂ ತಗೋ ತಮ್ಮಾ, ನೀಲವ್ವಗ ಬೇಕಾಗತೈತಿ" ಎಂದು ಹೊರಟೇಬಿಟ್ಟಳು. ನಾನು ಬನ್ನಿ ಎಲೆ ಹಿಡಿದು ಹಿಂದೆ ಹಿಂದೆ.

"ಇದೇನ ಬಸವ್ವಾ, ಕಬ್ಬಿಣದ ಕೊಕ್ಕರಿ ತಂದಿ?" ಎಂದು ನೀಲವ್ವ ನಕ್ಕಳು. "ಬನ್ನಿ ತಗೊಂಡು ಬಂಗಾರದಂಗ ಇರೋಣವ್ವಾ" ಎನ್ನುತ್ತ ಒಬ್ಬರ ಕೈಗೊಬ್ಬರು ಬನ್ನಿ ಇಟ್ಟರು.

ಈಗ ಸಂಜೆ ನಮ್ಮ ಓಣಿಯಲ್ಲಿ ಎರಡು ಕೋಲುಗಳ ಸದ್ದು. ಸಾಹೇಬರು ಹೇಳಿದ್ದು ನಿಜ, ಬಳಸಿದ ಕೋಲು ಸವೆಯುತ್ತದೆ. ನಿನ್ನೆ ಅಪ್ಪನ ಕೋಲನ್ನು ಎತ್ತಿ ನೋಡಿದೆ. ಹೆಬ್ಬಟ್ಟಿನ ತಗ್ಗಿನಲ್ಲಿ ಅವ್ವನ ಕೈಯ ವಿಭೂತಿ ಕೂತಿತ್ತು.

ಆ ತಗ್ಗು ಇನ್ನು ಅಪ್ಪನದು ಎನ್ನಲೇ, ಅವ್ವನದು ಎನ್ನಲೇ?